ಹುಲ್ಲುಗಾವಲಿನ ಜೊಂಡಿಗೆ ಯಾವ ಔಷಧಿ?

"ಜೊಂಡಿಗೆ ಏನು ಹೊಡೀಬೇಕು?" ಮೇ ತಿಂಗಳು ಬಂತೆಂದರೆ ಐರ್ಲೆಂಡಿನ ವಾಯವ್ಯ ಮೂಲೆಯ ದನ ಸಾಕುವ ರೈತರು ನನ್ನನ್ನು ಮೊದಲು ಕೇಳುವುದು ಇದನ್ನೇ. ನೀವೂ ಅಷ್ಟೇ ಅಲ್ವಾ? ಗದ್ದೆಯ ಜೇಕಿಗೋ ತೋಟದ ಕಳೆಗೋ ಏನು ಹೊಡೆಯಲಿ ಅಂತ ಗೊಬ್ಬರದಂಗಡಿಯಲ್ಲಿ ಕೇಳುತ್ತೀರಿ. ಅಂಗಡಿಯವರು ಒಂದು ಬಾಟಲಿ ತೆಗೆದು ಮುಂದಿಡುತ್ತಾರೆ. ಆಯ್ಕೆ ಅಲ್ಲಿಗೆ ಮುಗೀತು.

ಇವತ್ತು ಇಲ್ಲಿ ಸೇರಿರುವ ನಿಮ್ಮ ಮುಂದೆ ನಾನು ಮಾತಾಡುವುದು ಅಲ್ಲಿನ ಒಂದು ಕಳೆ ಮತ್ತು ಅದಕ್ಕೆ ಬಳಸುವ ಒಂದೆರಡು ಔಷಧಿಗಳ ಬಗ್ಗೆ. ಆದರೆ ಮಳೆ ಜಾಸ್ತಿ, ಮಣ್ಣು ಹುಳಿ, ಹಳ್ಳ ಪಕ್ಕದಲ್ಲೇ ಇದೆ ಅನ್ನುವ ಮಲೆನಾಡಿನವರಿಗೆ ಇದು ತೀರಾ ದೂರದ ಕತೆ ಅನ್ನಿಸಲಾರದು. ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಯಾವ ಔಷಧಿ ಚೆನ್ನಾಗಿ ಕೊಲ್ಲುತ್ತದೆ ಅನ್ನುವುದು ಸುಲಭದ ಪ್ರಶ್ನೆ, ಅದಕ್ಕೆ ಉತ್ತರ ಡಬ್ಬಿಯ ಮೇಲೇ ಇರುತ್ತದೆ. ಗಿಡಕ್ಕೆ ತಾಗದೆ ಉಳಿದ ಔಷಧಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಷ್ಟದ ಪ್ರಶ್ನೆ. ಆಯ್ಕೆ ಮಾಡಬೇಕಾದದ್ದು ಅದನ್ನು ನೋಡಿಕೊಂಡು.

ಮೊದಲು ಜಾಗ ಹೇಗಿದೆ ಹೇಳುತ್ತೇನೆ. ಐರ್ಲೆಂಡಿನ ಕೃಷಿ ಭೂಮಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹುಲ್ಲು. ಹೈನು, ಮಾಂಸದ ದನ, ಕುರಿ, ಎಲ್ಲವೂ ಹುಲ್ಲಿನ ಮೇಲೇ ನಿಂತಿದೆ. ಅದರಲ್ಲೂ ಲೀಟ್ರಿಮ್, ಕ್ಯಾವನ್, ಗಡಿಯಾಚೆ ಉತ್ತರ ಐರ್ಲೆಂಡಿನ ಫರ್ಮನಾ ಕಡೆ ಮಣ್ಣು ಅಂಟಂಟು ಜೇಡಿ. ನೀರು ಕೆಳಗೆ ಇಳಿಯುವುದೇ ಇಲ್ಲ. ಮಳೆ ನಮ್ಮ ಮುಂಗಾರಿನಂತೆ ಧೋ ಅಂತ ಸುರಿಯದೆ ವರ್ಷವಿಡೀ ಜಿನುಗುತ್ತದೆ. ಬೇಸಿಗೆಯಲ್ಲೂ ಬೂಟು ಕಚ್ಚಿಕೊಳ್ಳುವ ನೆಲ. ಅಂಥ ಹೊಲದಲ್ಲಿ ಹುಲ್ಲಿನ ನಡುವೆ ಕಡುಹಸಿರು ಗೊಂಚಲು ಗೊಂಚಲಾಗಿ, ಮೊಳಕಾಲಿನಿಂದ ಸೊಂಟದೆತ್ತರಕ್ಕೆ ಏಳುವ ಗಿಡವನ್ನು ಇಂಗ್ಲಿಷಿನಲ್ಲಿ ರಷ್ ಅನ್ನುತ್ತಾರೆ. ನಾನು ಜೊಂಡು ಅಂತಲೇ ಕರೆಯುತ್ತೇನೆ. ನಮ್ಮ ಕೆರೆಯಂಚಿನ ಜೊಂಡಿಗಿಂತ ಬೇರೆ ಜಾತಿ, ಆದರೆ ಒದ್ದೆ ನೆಲದ ಚಪಲ ಒಂದೇ. ದನ ಅದನ್ನು ಬೇರೆ ಗತಿ ಇಲ್ಲದಿದ್ದರೆ ಮಾತ್ರ ತಿನ್ನುತ್ತವೆ. ಸುತ್ತಲಿನ ಹುಲ್ಲನ್ನು ಬುಡದವರೆಗೆ ಮೇಯ್ದು ಜೊಂಡನ್ನು ಬಿಟ್ಟು ಮುಂದೆ ಹೋಗುತ್ತವೆ. ಹಾಗಾಗಿ ವರ್ಷದಿಂದ ವರ್ಷಕ್ಕೆ ಹುಲ್ಲಿನ ಜಾಗ ಕಡಿಮೆಯಾಗಿ ಜೊಂಡಿನ ಜಾಗ ಜಾಸ್ತಿಯಾಗುತ್ತದೆ.

ಜೊಂಡು ಅಂದರೆ ಒಂದೇ ಗಿಡ ಅಂದುಕೊಳ್ಳಬೇಡಿ. ಔಷಧಿಯ ಮಾತು ಎತ್ತಿದವರಿಗೆ ನಾನು ಮೊದಲು ಹೇಳುವುದು, ಹೊಲಕ್ಕೆ ಹೋಗಿ ನಾಲ್ಕೈದು ಕಡೆಯಿಂದ ಒಂದೊಂದು ಕಡ್ಡಿ ಕಿತ್ತು ತನ್ನಿ ಅಂತ. ಕಡ್ಡಿಯನ್ನು ಉಗುರಿನಿಂದ ಉದ್ದಕ್ಕೆ ಸೀಳಿ. ಒಳಗೆ ಥರ್ಮೊಕೋಲಿನ ಬಣ್ಣದ ಮೆತ್ತನೆಯ ತಿರುಳು ಬುಡದಿಂದ ತುದಿಯವರೆಗೆ ಎಲ್ಲೂ ತುಂಡಾಗದೆ ಬಂದರೆ ಅದು ಮೆದು ಜೊಂಡು, ಜುಂಕಸ್ ಎಫ್ಯೂಸಸ್. ಕಡ್ಡಿ ನುಣುಪು, ಹೊಳಪು ಹಸಿರು. ತಿರುಳು ನಡುನಡುವೆ ಖಾಲಿ ಬಿಟ್ಟು ಏಣಿಯ ಮೆಟ್ಟಿಲಿನ ಹಾಗೆ ಕಂಡರೆ ಅದು ಗಟ್ಟಿ ಜೊಂಡು, ಜುಂಕಸ್ ಇನ್‌ಫ್ಲೆಕ್ಸಸ್. ಅದರ ಕಡ್ಡಿಯ ಮೇಲೆ ಗೀರುಗೀರು ಇರುತ್ತದೆ, ಬಣ್ಣ ಬೂದಿ ಬೆರೆತ ನೀಲಿ ಹಸಿರು, ಬೆರಳಿಗೆ ಸುತ್ತಿ ಎಳೆದರೆ ಕೈ ಕೊಯ್ಯುವಷ್ಟು ಗಡುಸು. ಇನ್ನೊಂದು ಜಾತಿಯಲ್ಲಿ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಕೆಳಗಿನಿಂದ ಮೇಲಕ್ಕೆ ಜಾರಿಸಿದರೆ ಗಂಟು ಗಂಟಾಗಿ ತಗಲುತ್ತದೆ. ಅದು ಗೆಣ್ಣಿನ ಜೊಂಡು, ಜುಂಕಸ್ ಆರ್ಟಿಕ್ಯುಲೇಟಸ್.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅಲ್ಲಿ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಎಂಸಿಪಿಎ ಮತ್ತು 2,4-ಡಿ ಅನ್ನುವ ಕಳೆನಾಶಕಗಳು ಮೆದು ಜೊಂಡನ್ನು ಚೆನ್ನಾಗಿ ಕೊಲ್ಲುತ್ತವೆ. ಗಟ್ಟಿ ಜೊಂಡು ಮತ್ತು ಗೆಣ್ಣಿನ ಜೊಂಡು ಈ ಎರಡು ಔಷಧಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ತುದಿ ಹಳದಿಯಾಗುತ್ತದೆ, ರೈತನಿಗೆ ಖುಷಿಯಾಗುತ್ತದೆ, ಮುಂದಿನ ವರ್ಷ ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ನಿಮ್ಮ ಗದ್ದೆಗಳಲ್ಲೂ ಇದೇ ನಡೆಯುತ್ತದೆ. ಬೀಜದಿಂದ ಹುಟ್ಟಿದ ಜೇಕು 2,4-ಡಿಗೆ ಸಾಯುತ್ತದೆ. ಗಡ್ಡೆಯಿಂದ ಎದ್ದ ಕೊನ್ನಾರಿ ಮೇಲೆ ಮಾತ್ರ ಸುಟ್ಟು, ಕೆಳಗಿನಿಂದ ನಗುತ್ತಾ ಮತ್ತೆ ಬರುತ್ತದೆ. ಗಿಡ ಯಾವುದೆಂದು ನೋಡದೆ ಔಷಧಿ ಕೊಂಡರೆ ದುಡ್ಡು ನೀರಿಗೆ. ಈ ಸಂದರ್ಭದಲ್ಲಿ ಅಕ್ಷರಶಃ ನೀರಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ತಿರುಳಿನ ಮಾತು ಬಂದಿದ್ದರಿಂದ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ತುಂಡಾಗದ ತಿರುಳಿರುವ ಈ ಮೆದು ಜೊಂಡೇ ಒಂದು ಕಾಲದಲ್ಲಿ ಅಲ್ಲಿನ ಬಡವರ ಮನೆಯ ದೀಪ. ಬೇಸಿಗೆಯಲ್ಲಿ ಕಡ್ಡಿ ತಂದು, ನೆನೆಸಿ, ಸಿಪ್ಪೆ ಸುಲಿದು, ತಿರುಳು ಮುರಿಯದಂತೆ ಒಂದು ಎಳೆ ಸಿಪ್ಪೆ ಮಾತ್ರ ಬಿಟ್ಟು, ಒಣಗಿಸಿ, ಕರಗಿದ ಪ್ರಾಣಿ ಕೊಬ್ಬಿನಲ್ಲಿ ಅದ್ದುತ್ತಿದ್ದರು. ಮೇಣದಬತ್ತಿ ಕೊಳ್ಳಲಾಗದವರ ಮನೆಯಲ್ಲಿ ರಾತ್ರಿ ಉರಿಯುತ್ತಿದ್ದದ್ದು ಅದು. ಈಗಲೂ ಫೆಬ್ರವರಿ 1ಕ್ಕೆ ಸೇಂಟ್ ಬ್ರಿಜಿಡ್ ಹಬ್ಬದಲ್ಲಿ ಹಸಿ ಜೊಂಡನ್ನು ಹೆಣೆದು ಶಿಲುಬೆ ಮಾಡಿ ಬಾಗಿಲ ಮೇಲೆ ಕಟ್ಟುತ್ತಾರೆ. ಕೊಟ್ಟಿಗೆಗೂ ಒಂದು ಕಟ್ಟುವವರಿದ್ದಾರೆ. ಕತ್ತಿಯಲ್ಲಿ ಕೊಯ್ಯಬಾರದು, ಕೈಯಿಂದಲೇ ಕೀಳಬೇಕು ಅನ್ನುವ ನಿಯಮ ಬೇರೆ. 2023ರಿಂದ ಆ ಹಬ್ಬಕ್ಕೆ ದೇಶದಲ್ಲಿ ಸರ್ಕಾರಿ ರಜೆಯೂ ಬಂತು. ಫೆಬ್ರವರಿಯಲ್ಲಿ ಬಾಗಿಲಿಗೆ ಕಟ್ಟಿದ್ದನ್ನೇ ಜೂನ್‌ನಲ್ಲಿ ಸಾಯಿಸಲು ಹೊರಡುತ್ತಾರೆ ಅಂತ ನಾನು ಅಲ್ಲಿನವರನ್ನು ಛೇಡಿಸುವುದುಂಟು. "ಅದು ಧರ್ಮ, ಇದು ಬ್ಯಾಂಕ್ ಸಾಲ" ಅಂತಾರೆ.

ಸರಿ, ಔಷಧಿಗೆ ಬರೋಣ. ಎಂಸಿಪಿಎ ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಕಂಡುಹಿಡಿದದ್ದು. ಯುದ್ಧ ಮುಗಿದ ಮೇಲೆ, 1946ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಅದೇ ಸಮಯಕ್ಕೆ ಅಮೆರಿಕದಲ್ಲಿ ಬಂದ 2,4-ಡಿ ಇದರ ಅಣ್ಣತಮ್ಮ. ನಿಮ್ಮಲ್ಲಿ ಭತ್ತ, ಕಬ್ಬು ಬೆಳೆಯುವವರಿಗೆ ಅದು ಗೊತ್ತೇ ಇದೆ. ಗಿಡದ ಒಳಗೆ ಆಕ್ಸಿನ್ ಅನ್ನುವ ಬೆಳವಣಿಗೆಯ ರಸ ಇದೆ. ಇವು ಅದರ ವೇಷ ಹಾಕಿಕೊಂಡು ಒಳಗೆ ಹೋಗುತ್ತವೆ. ಗಿಡ ಅಂಕೆ ತಪ್ಪಿ, ತಿರುಚಿಕೊಂಡು ಬೆಳೆದು, ತನ್ನ ಸಂಗ್ರಹವನ್ನೆಲ್ಲ ಕರಗಿಸಿಕೊಂಡು ಸಾಯುತ್ತದೆ. ಇವು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತವೆ, ಹುಲ್ಲನ್ನು ಬಿಡುತ್ತವೆ. ಜೊಂಡು ಹುಲ್ಲಿನ ಹಾಗೇ ಏಕದಳ. ಆದರೂ ಮೆದು ಜೊಂಡು ಇದಕ್ಕೆ ಸಿಕ್ಕಿಬೀಳುತ್ತದೆ, ಪಕ್ಕದ ಹುಲ್ಲು ಬದುಕುತ್ತದೆ. ರೈತರಿಗೆ ಇದು ವರವಾಗಿ ಕಂಡದ್ದರಲ್ಲಿ ಆಶ್ಚರ್ಯ ಇಲ್ಲ. ಟ್ಯಾಂಕಿಗೆ ಹಾಕು, ಬೂಮ್ (ಸ್ಪ್ರೇಯರಿನ ಉದ್ದನೆಯ ತೋಳು) ಬಿಚ್ಚು, ಇಡೀ ಹೊಲಕ್ಕೆ ಹೊಡೆ. ಅಗ್ಗ ಕೂಡ.

ಕೆಲಸ ಆಗಬೇಕಾದರೆ ಒಂದಷ್ಟು ಶರತ್ತು ಇದೆ. ಗಿಡ ಚುರುಕಾಗಿ ಬೆಳೆಯುತ್ತಿರಬೇಕು, ಹೂ ಬಿಟ್ಟಿರಬಾರದು. ಅಂದರೆ ಸುಮಾರಾಗಿ ಮೇ ಕೊನೆಯಿಂದ ಜುಲೈ ಮೊದಲ ಭಾಗ. ಹಳೆಯ ಒರಟು ಜೊಂಡಾದರೆ ಮೊದಲು ಸವರಿ, ಅಂದರೆ ಕತ್ತರಿಸಿ, ಒಂದು ತಿಂಗಳು ಬಿಟ್ಟು, ಹೊಸ ಚಿಗುರಿನ ಮೇಲೆ ಹೊಡೆಯಬೇಕು. ಇಲ್ಲವೇ ಮೊದಲು ಹೊಡೆದು, ಒಂದು ತಿಂಗಳು ಕಾದು, ಆಮೇಲೆ ಸವರಬೇಕು. ಔಷಧಿ ಎಲೆಯಿಂದ ಬುಡದ ಬೇರುಕಾಂಡಕ್ಕೆ ಇಳಿಯಲು ಅಷ್ಟು ಸಮಯ ಬೇಕು. ಇವತ್ತು ಹೊಡೆದು ನಾಡಿದ್ದು ಸವರಿದರೆ ಔಷಧಿಯನ್ನೂ ಸೇರಿಸಿ ಕತ್ತರಿಸಿ ಬಿಸಾಡಿದ ಹಾಗೆ. ಕಡ್ಡಿ ಉರುಟು, ನೇರ, ಮೇಣ ಸವರಿದಂತೆ ನುಣುಪು. ಬರೀ ನೀರಲ್ಲಿ ಬೆರೆಸಿದರೆ ಹನಿ ಜಾರಿ ಬಿದ್ದುಬಿಡುತ್ತದೆ. ನೀವು ಅಂಟು ಬೆರೆಸುತ್ತೀರಲ್ಲ, ಅಂಥದ್ದನ್ನು ಲೇಬಲ್ ಒಪ್ಪಿದರೆ ಬೆರೆಸಬೇಕು. ಮುಂದಿನ 48 ಗಂಟೆ ಮಳೆ ಇರಬಾರದು. ಲೀಟ್ರಿಮ್‌ನಲ್ಲಿ 48 ಗಂಟೆ ಮಳೆ ಇಲ್ಲದ ದಿನ ಹುಡುಕುವುದು ಆಗುಂಬೆಯಲ್ಲಿ ಜುಲೈನಲ್ಲಿ ಹಪ್ಪಳ ಒಣಗಿಸಿದ ಹಾಗೆ. ಬಿಸಿಲು ಕಂಡ ದಿನ ಎಲ್ಲರೂ ಒಟ್ಟಿಗೆ ಸ್ಪ್ರೇಯರ್ ಹೊರಗೆ ತೆಗೆಯುತ್ತಾರೆ. ಒಂದೇ ವಾರದಲ್ಲಿ ಇಡೀ ಕಣಿವೆಗೆ ಒಂದೇ ಔಷಧಿ ಬೀಳುತ್ತದೆ. ಆಮೇಲೆ ಮಳೆ ಬಂದೇ ಬರುತ್ತದೆ.

ನೀರಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೇ ಮಾಡೋಣ, ಯಾಕಂದರೆ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಕುಡಿಯುವ ನೀರಿನಲ್ಲಿ ಒಂದು ಕಳೆನಾಶಕ ಇರಬಹುದಾದ ಗರಿಷ್ಠ ಪ್ರಮಾಣ ಲೀಟರಿಗೆ 0.1 ಮೈಕ್ರೊಗ್ರಾಂ. ಒಂದು ಗ್ರಾಮನ್ನು ಒಂದು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು. ಎಂಸಿಪಿಎ ಡಬ್ಬಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ 500 ಗ್ರಾಂ ಔಷಧಿ ಇರುತ್ತದೆ. ಡಬ್ಬಿಯಿಂದ ಟ್ಯಾಂಕಿಗೆ ಸುರಿಯುವಾಗ ಒಂದೇ ಒಂದು ಹನಿ ಹೊರಗೆ ಬಿತ್ತು ಅಂತಿಟ್ಟುಕೊಳ್ಳಿ. ಹನಿಯ ಗಾತ್ರ ಒಂದು ಮಿಲಿಲೀಟರಿನ ಇಪ್ಪತ್ತನೇ ಒಂದು ಪಾಲು. ಅದರಲ್ಲಿರುವುದು 25 ಮಿಲಿಗ್ರಾಂ, ಅಂದರೆ 25,000 ಮೈಕ್ರೊಗ್ರಾಂ. 0.1ರಿಂದ ಭಾಗಿಸಿ. ಎರಡೂವರೆ ಲಕ್ಷ ಲೀಟರ್ ನೀರು ಮಿತಿಯ ಅಂಚಿಗೆ ಬರುತ್ತದೆ. ಬೆಂಗಳೂರಿನಲ್ಲಿ ಓಡಾಡುವ 12,000 ಲೀಟರಿನ ದೊಡ್ಡ ಟ್ಯಾಂಕರ್ ಇದೆಯಲ್ಲ, ಅಂಥ ಇಪ್ಪತ್ತು ಟ್ಯಾಂಕರ್. ಒಂದು ಹನಿಗೆ.

ಈಗ ಹೊಲಕ್ಕೆ ಹೋಗಿ. ಹೆಕ್ಟೇರಿಗೆ ಸುಮಾರು 3 ಲೀಟರ್ ಹೊಡೆದರೆ ಒಂದೂವರೆ ಕೆಜಿ ಎಂಸಿಪಿಎ ನೆಲಕ್ಕೆ ಬಿತ್ತು. ಅದರಲ್ಲಿ ನೂರಕ್ಕೆ ಒಂದು ಪಾಲು ಮಳೆಯಲ್ಲಿ ತೊಳೆದು ಹೋಯಿತು ಅನ್ನಿ, 15 ಗ್ರಾಂ. ಅದು 15 ಕೋಟಿ ಲೀಟರ್ ನೀರನ್ನು ಮಿತಿಗೆ ತರಲು ಸಾಕು. ಒಂದೇ ಹೆಕ್ಟೇರಿನ ಲೆಕ್ಕ ಇದು.

ಯಾರೋ ಹಿಂದಿನಿಂದ ಕೇಳಿದರು, ಅಷ್ಟು ಕಡಿಮೆ ಪ್ರಮಾಣದಿಂದ ಮನುಷ್ಯರಿಗೆ ಏನಾದರೂ ಆಗುತ್ತದಾ ಅಂತ. ಸರಿಯಾದ ಪ್ರಶ್ನೆ. 0.1 ಅನ್ನುವುದು ಇಷ್ಟು ಕುಡಿದರೆ ಕಾಯಿಲೆ ಬರುತ್ತದೆ ಅಂತ ಲೆಕ್ಕ ಹಾಕಿ ಇಟ್ಟ ಗೆರೆ ಅಲ್ಲ. ಕುಡಿಯುವ ನೀರಿನಲ್ಲಿ ಕಳೆನಾಶಕ ಇರಲೇಬಾರದು ಅನ್ನುವ ತೀರ್ಮಾನಕ್ಕೆ ಕೊಟ್ಟ ಒಂದು ಅಂಕಿ. ನಮ್ಮ ಭಾರತೀಯ ಮಾನಕದಲ್ಲಿ 2,4-ಡಿಗೆ ಲೀಟರಿಗೆ 30 ಮೈಕ್ರೊಗ್ರಾಂವರೆಗೆ ಒಪ್ಪಿಗೆ ಇದೆ. ಅದು ಅವರದ್ದಕ್ಕಿಂತ 300 ಪಟ್ಟು. ಯಾವುದು ಸರಿ ಅಂತ ಜಗಳಕ್ಕೆ ನಾನು ಇಳಿಯುವುದಿಲ್ಲ. ಆದರೆ ನನ್ನನ್ನು ಕೇಳಿದರೆ, ಊರಿನವರು ಕುಡಿಯುವ ನೀರಿನಲ್ಲಿ ನನ್ನ ಸ್ಪ್ರೇಯರಿನ ಗುರುತು ಸಿಗಬಾರದು ಅನ್ನುವುದು ತಪ್ಪು ನಿಯಮ ಅಲ್ಲ.

ಐರ್ಲೆಂಡಿನ ಕುಡಿಯುವ ನೀರಿನಲ್ಲಿ ಪದೇ ಪದೇ ಸಿಕ್ಕಿಬಿದ್ದ ಕಳೆನಾಶಕ ಇದೇ ಎಂಸಿಪಿಎ. ಕಾರಣ ಹುಡುಕಲು ಜಾಸ್ತಿ ದೂರ ಹೋಗಬೇಕಿಲ್ಲ. ಅದು ನೀರಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿಗೆ ಸರಿಯಾಗಿ ಅಂಟುವುದಿಲ್ಲ. ಗಾಳಿಯಾಡುವ ಬೆಚ್ಚನೆಯ ಮಣ್ಣಿನಲ್ಲಾದರೆ ಸೂಕ್ಷ್ಮಜೀವಿಗಳು ಕೆಲವು ವಾರಗಳಲ್ಲಿ ಅದನ್ನು ತಿಂದು ಮುಗಿಸುತ್ತವೆ. ನೀರು ನಿಂತ ತಣ್ಣನೆಯ ಮಣ್ಣಿನಲ್ಲಿ ಆ ಕೆಲಸ ನಿಧಾನ. ಜೊಂಡು ಬೆಳೆಯುವುದೇ ಅಂಥ ಮಣ್ಣಿನಲ್ಲಿ, ಕಾಲುವೆಯ ಪಕ್ಕದಲ್ಲಿ, ಹಳ್ಳದ ತಗ್ಗಿನಲ್ಲಿ. ಈ ಔಷಧಿ ಬೇಕಾಗುವ ಜಾಗ ಮತ್ತು ಇದನ್ನು ಹೊಡೆಯಲೇಬಾರದ ಜಾಗ ಎರಡೂ ಒಂದೇ ಆಗಿರುವುದು ಇಡೀ ಸಮಸ್ಯೆಯ ತಿರುಳು. ಅಲ್ಲಿ ಕಾಲುವೆ, ತೊರೆಯಿಂದ ಕನಿಷ್ಠ 5 ಮೀಟರ್ ಬಿಡಬೇಕು. ಊರಿಗೆ ನೀರು ಎತ್ತುವ ಜಾಗದ ಹತ್ತಿರವಾದರೆ ಆ ಅಂತರ 200 ಮೀಟರ್‌ವರೆಗೂ ಹೋಗುತ್ತದೆ. ಸ್ಪ್ರೇಯರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಹೊಡೆಯುವವರು ತರಬೇತಿ ಪಡೆದು ನೋಂದಾಯಿಸಿಕೊಂಡಿರಬೇಕು. ನಿಯಮ ಎಲ್ಲ ಇದೆ. ಆದರೆ ಜೇಡಿ ಹೊಲದಲ್ಲಿ ಹತ್ತು ಹೆಜ್ಜೆಗೊಂದು ಬಸಿಗಾಲುವೆ ಇರುವಾಗ 5 ಮೀಟರ್ ಬಿಡುತ್ತಾ ಹೋದರೆ ಹೊಡೆಯಲು ಉಳಿಯುವುದೇ ಎರಡು ಪಟ್ಟಿ. ಅದಕ್ಕೇ ಕೆಲವರು ಅತ್ತಿತ್ತ ನೋಡಿ ಅಂಚಿನವರೆಗೂ ಹೊಡೆದುಬಿಡುತ್ತಾರೆ.

ಇದಕ್ಕೆ ಡರ್ಗ್ ನದಿಯ ಕಡೆ ಒಂದು ಒಳ್ಳೆಯ ಪ್ರಯತ್ನ ನಡೆಯಿತು. ಈ ನದಿ ಐರ್ಲೆಂಡಿನ ಡೊನಿಗಾಲ್ ಮತ್ತು ಉತ್ತರ ಐರ್ಲೆಂಡಿನ ಟಿರೋನ್ ನಡುವೆ, ಗಡಿ ದಾಟಿ ಹರಿಯುತ್ತದೆ. ಒಂದು ದೇಶದ ರೈತ ಹೊಡೆದದ್ದನ್ನು ಇನ್ನೊಂದು ದೇಶದ ನಲ್ಲಿಯವರು ಕುಡಿಯುತ್ತಾರೆ. ನೀರಿನಿಂದ ಎಂಸಿಪಿಎ ತೆಗೆಯುವುದು ಸಾಮಾನ್ಯ ಶುದ್ಧೀಕರಣದಿಂದ ಆಗುವುದಿಲ್ಲ, ಇದ್ದಿಲಿನ ದುಬಾರಿ ವ್ಯವಸ್ಥೆ ಬೇಕು. ಅದರ ಬದಲು ಮೂಲದಲ್ಲೇ ತಡೆಯೋಣ ಅಂತ 'ಸೋರ್ಸ್ ಟು ಟ್ಯಾಪ್' ಯೋಜನೆಯಲ್ಲಿ ಗಡಿಯ ಎರಡೂ ಕಡೆಯವರು ಸೇರಿಕೊಂಡರು. ಎಂಸಿಪಿಎ ಸಿಂಪಡಿಸುವುದನ್ನು ಬಿಟ್ಟು ಗ್ಲೈಫೋಸೇಟನ್ನು ಜೊಂಡಿಗೆ ಒರೆಸಿದರೆ ಅದರ ಖರ್ಚು ನಾವು ಕೊಡುತ್ತೇವೆ ಅಂತ ರೈತರಿಗೆ ಹೇಳಿದರು.

ಗ್ಲೈಫೋಸೇಟ್ ಅಂದ ತಕ್ಷಣ ಇಲ್ಲಿ ಕೆಲವರ ಮುಖ ಗಂಟಾಯಿತು. ಇರಲಿ. ಗ್ಲೈಫೋಸೇಟ್ ಹಸಿರಾಗಿರುವುದನ್ನೆಲ್ಲ ಕೊಲ್ಲುತ್ತದೆ, ಹುಲ್ಲನ್ನೂ ಕೂಡ. ಹುಲ್ಲುಗಾವಲಿಗೆ ಸಿಂಪಡಿಸಿದರೆ ಹುಲ್ಲುಗಾವಲೇ ಇರುವುದಿಲ್ಲ. ಹಾಗಾಗಿ ಅದನ್ನು ಜೊಂಡಿಗೆ ಮಾತ್ರ ತಾಗಿಸುವ ಉಪಾಯ ಬೇಕು. ಅದೇ ವೀಡ್ ವೈಪರ್. ಒಂದು ಚಿಕ್ಕ ಟ್ಯಾಂಕ್, ಅದರ ಮುಂದೆ ಅಡ್ಡಕ್ಕೆ ಒಂದು ಉರುಳೆ ಅಥವಾ ಒದ್ದೆ ಬತ್ತಿಗಳ ಸಾಲು. ನಾಲ್ಕು ಚಕ್ರದ ಕ್ವಾಡ್ ಬೈಕಿನ ಹಿಂದೆ ಕಟ್ಟಿಕೊಂಡು ಎಳೆಯುತ್ತಾರೆ. ಅದರ ಎತ್ತರವನ್ನು ಹುಲ್ಲಿಗಿಂತ ಮೇಲೆ, ಜೊಂಡಿನ ತುದಿಗಿಂತ ಕೆಳಗೆ ಇಟ್ಟುಕೊಂಡು ಹೋದರೆ ಒದ್ದೆ ಭಾಗ ಜೊಂಡಿಗೆ ಮಾತ್ರ ಉಜ್ಜುತ್ತದೆ. ಕೆಳಗಿನ ಹುಲ್ಲಿಗೆ ಗೊತ್ತೇ ಆಗುವುದಿಲ್ಲ.

ಕೇಳುವುದಕ್ಕೆ ಸಲೀಸು. ಹೊಲದಲ್ಲಿ ನೋಡಬೇಕು. ಮೊದಲು ದನ ಬಿಟ್ಟು ಹುಲ್ಲನ್ನು ಚೆನ್ನಾಗಿ ಮೇಯಿಸಿ ಗಿಡ್ಡ ಮಾಡಬೇಕು, ಎರಡರ ಎತ್ತರದಲ್ಲಿ ಸ್ಪಷ್ಟ ವ್ಯತ್ಯಾಸ ಇರಬೇಕು. ನಡಿಗೆಗಿಂತ ಸ್ವಲ್ಪ ಜೋರು ಅನ್ನುವಷ್ಟೇ ವೇಗ. ಒಂದು ದಿಕ್ಕಿನಲ್ಲಿ ಹೋದರೆ ಗೊಂಚಲಿನ ಒಂದು ಮಗ್ಗುಲಿಗೆ ಮಾತ್ರ ತಾಗುತ್ತದೆ, ಹಾಗಾಗಿ ಎದುರು ದಿಕ್ಕಿನಲ್ಲಿ ಇನ್ನೊಂದು ಸಲ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಉರುಳೆ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕಿದ ಗುರುತು ಎರಡು ಮೂರು ವಾರದ ನಂತರ ಹೊಲವೇ ತೋರಿಸಿಕೊಡುತ್ತದೆ. ಹಸಿರು ಹುಲ್ಲಿನ ನಡುವೆ ತಟ್ಟೆಯಗಲದ ಹಳದಿ ಕಲೆಗಳು, ಬೈಕ್ ತಿರುಗಿಸಿದ ಕಡೆಯಲ್ಲೆಲ್ಲ. ಬೈಕ್ ನಿಲ್ಲಿಸಿ ಫೋನಿನಲ್ಲಿ ಮಾತಾಡಿದ ಜಾಗವೂ ಗೊತ್ತಾಗುತ್ತದೆ. ಉಬ್ಬುತಗ್ಗಿನ ನೆಲದಲ್ಲಿ ಇನ್ನೂ ಫಜೀತಿ. ದಿಬ್ಬದ ಮೇಲೆ ಹುಲ್ಲಿಗೆ ಉಜ್ಜುತ್ತದೆ, ತಗ್ಗಿನಲ್ಲಿ ಜೊಂಡೂ ತಪ್ಪಿಸಿಕೊಳ್ಳುತ್ತದೆ.

ಆದರೂ ನನ್ನ ಮತ ಇದಕ್ಕೇ. ಔಷಧಿ ಬಹಳ ಕಡಿಮೆ ಸಾಕಾಗುತ್ತದೆ, ಯಾಕಂದರೆ ಜೊಂಡಿಗೆ ಬಿಟ್ಟು ಬೇರೆ ಎಲ್ಲಿಗೂ ಹೋಗುವುದಿಲ್ಲ. ಗಾಳಿಯಲ್ಲಿ ಹಾರುವುದಿಲ್ಲ. ಗ್ಲೈಫೋಸೇಟ್ ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಎಂಸಿಪಿಎಯಷ್ಟು ಸುಲಭವಾಗಿ ನೀರಿನ ಜತೆ ಇಳಿದು ಹೋಗುವುದಿಲ್ಲ. ಮಣ್ಣೇ ಕೊಚ್ಚಿಹೋದರೆ ಅದರ ಜತೆ ಹೋಗುತ್ತದೆ, ಅದೂ ನಿಜ. ಗಟ್ಟಿ ಜೊಂಡು ಮತ್ತು ಗೆಣ್ಣಿನ ಜೊಂಡಿನ ವಿಷಯದಲ್ಲಂತೂ ಎಂಸಿಪಿಎಗಿಂತ ಇದೇ ಭರವಸೆ. ಇನ್ನೊಂದು ಲಾಭ ಕ್ಲೋವರ್. ನಮ್ಮ ಕುದುರೆಮೆಂತೆಯ ಹಾಗೆ ಅದು ದ್ವಿದಳ ಮೇವು, ಗಾಳಿಯ ಸಾರಜನಕ ಹಿಡಿದು ಹುಲ್ಲಿಗೆ ಕೊಡುತ್ತದೆ. ಗೊಬ್ಬರದ ರೇಟು ಏರಿದ ಮೇಲೆ ಅಲ್ಲಿ ಎಲ್ಲರೂ ಕ್ಲೋವರ್ ಬಿತ್ತುತ್ತಿದ್ದಾರೆ. ಎಂಸಿಪಿಎ, 2,4-ಡಿ ಎರಡೂ ಕ್ಲೋವರನ್ನು ಹೊಡೆಯುತ್ತವೆ. ಬೀಜಕ್ಕೆ ದುಡ್ಡು ಸುರಿದು ಬಿತ್ತಿ, ಆಮೇಲೆ ಔಷಧಿಗೆ ದುಡ್ಡು ಸುರಿದು ಸಾಯಿಸುವುದು ಯಾವ ಬುದ್ಧಿವಂತಿಕೆ? ವೈಪರ್ ಹಾದುಹೋಗುವುದು ಕ್ಲೋವರಿನ ತಲೆಯ ಮೇಲಿಂದ.

ಗ್ಲೈಫೋಸೇಟ್ ಬಗ್ಗೆ ಇರುವ ತಕರಾರು ಮುಚ್ಚಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನುವ ಗುಂಪಿಗೆ ಸೇರಿಸಿತು. ಅದೇ ವರ್ಷ 2,4-ಡಿಯನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗುಂಪಿಗೆ ಸೇರಿಸಿತು. ಐರೋಪ್ಯ ಒಕ್ಕೂಟ ತನ್ನದೇ ಪರಿಶೀಲನೆ ಮಾಡಿ 2023ರಲ್ಲಿ ಗ್ಲೈಫೋಸೇಟಿಗೆ ಇನ್ನೂ ಹತ್ತು ವರ್ಷದ ಅನುಮತಿ ಕೊಟ್ಟಿತು. ಕೈಗವಸು, ಬೂಟು, ಮುಖಕ್ಕೆ ರಕ್ಷಣೆ ಯಾವ ಔಷಧಿಗೂ ತಪ್ಪಿದ್ದಲ್ಲ. ಲುಂಗಿ ಮೇಲೆತ್ತಿ ಕಟ್ಟಿ ಬರಿಗಾಲಲ್ಲಿ ಹೊಡೆಯುವ ನಮ್ಮ ಪದ್ಧತಿ ನೋಡಿದರೆ ನನಗೆ ಈಗಲೂ ಹೊಟ್ಟೆ ಕಲಸುತ್ತದೆ.

ಇಷ್ಟು ಹೊತ್ತು ಕೊಲ್ಲುವ ಮಾತಾಡಿದೆ. ಎಲ್ಲ ಜೊಂಡನ್ನೂ ಕೊಲ್ಲಬೇಕಾ? ಕರ್ಲ್ಯೂ ಅಂತ ಒಂದು ಹಕ್ಕಿ, ಉದ್ದನೆಯ ಬಾಗಿದ ಕೊಕ್ಕು. ಐರ್ಲೆಂಡಿನಲ್ಲಿ ಮರಿ ಮಾಡುವ ಕರ್ಲ್ಯೂಗಳ ಸಂಖ್ಯೆ 1980ರ ದಶಕದಿಂದ ಈಚೆಗೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕುಸಿದಿದೆ. ಸ್ನೈಪ್, ನಮ್ಮ ಟಿಟ್ಟಿಭದ ಬಳಗದ ಲ್ಯಾಪ್‌ವಿಂಗ್, ಇವೂ ಒದ್ದೆ ಹುಲ್ಲುಗಾವಲಿನ ನೆಲದಲ್ಲೇ ಮೊಟ್ಟೆ ಇಡುತ್ತವೆ. ಅಲ್ಲಲ್ಲಿ ಜೊಂಡಿನ ಗೊಂಚಲು ಇದ್ದರೆ ಮರಿಗಳಿಗೆ ಮರೆ. ತೀರಾ ದಟ್ಟವಾದರೆ ಅವಕ್ಕೂ ಬೇಡ. ಹಿಂದೆ ಜೊಂಡು ತುಂಬಿದ ಜಾಗ ಕೃಷಿಭೂಮಿಯ ಲೆಕ್ಕಕ್ಕೆ ಬರುವುದಿಲ್ಲ ಅಂತ ಸಬ್ಸಿಡಿ ಕಡಿತ ಮಾಡುತ್ತಿದ್ದರು. ಅದರ ಹೆದರಿಕೆಗೇ ಎಷ್ಟೋ ಜನ ಸ್ಪ್ರೇಯರ್ ಹಿಡಿದರು. ಹೊಸ ನಿಯಮಗಳಲ್ಲಿ ಅದು ಸಡಿಲವಾಗಿದೆ. ಹಳ್ಳದ ಪಕ್ಕದ, ಏನು ಮಾಡಿದರೂ ಒಣಗದ ಮೂಲೆಯನ್ನು ಜೊಂಡಿಗೂ ಹಕ್ಕಿಗೂ ಬಿಟ್ಟು, ಮೇವು ಬೆಳೆಯಬಲ್ಲ ಜಾಗದ ಮೇಲೆ ದುಡ್ಡು ಹಾಕಿ ಅಂತ ನಾನು ಹೇಳುವುದು.

ಯಾಕಂದರೆ ಔಷಧಿ ಹೊಡೆದದ್ದಷ್ಟೇ ಆದರೆ ಜೊಂಡು ವಾಪಸ್ ಬರುತ್ತದೆ. ಒಂದು ಚದರ ಮೀಟರ್ ದಟ್ಟ ಜೊಂಡು ವರ್ಷಕ್ಕೆ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ. ಧೂಳಿನಂಥ ಬೀಜ, ಮಣ್ಣಿನೊಳಗೆ ದಶಕಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಅದು ಮೊಳೆಯಲು ಬೆಳಕು ಬೇಕು. ಹುಲ್ಲು ದಟ್ಟವಾಗಿ ಮುಚ್ಚಿಕೊಂಡಿದ್ದರೆ ಅದಕ್ಕೆ ಬೆಳಕು ಸಿಗುವುದಿಲ್ಲ. ಒದ್ದೆ ನೆಲಕ್ಕೆ ದನ ಬಿಟ್ಟು, ಗೊರಸಿನಲ್ಲಿ ತುಳಿಸಿ ರೊಜ್ಜು ಮಾಡಿದರೆ ಮಣ್ಣು ಬಾಯಿ ತೆರೆಯುತ್ತದೆ, ಮರುವರ್ಷ ಅಲ್ಲೇ ಜೊಂಡಿನ ಸಸಿಮಡಿ. ಹೊಡೆದ ಜೊಂಡು ಸತ್ತು ಬರಿದಾದ ಜಾಗವೂ ಹಾಗೆಯೇ. ಅಲ್ಲಿ ಹುಲ್ಲಿನ ಬೀಜ ಬಿತ್ತಲೇಬೇಕು.

ಮಲೆನಾಡಿನವರು ಕಿವಿಗೊಡಬೇಕಾದ ಜಾಗ ಇದು. ಜೊಂಡಿನ ಹೊಲದ ಮಣ್ಣು ಪರೀಕ್ಷೆ ಮಾಡಿಸಿದರೆ ಬಹುಮಟ್ಟಿಗೆ ಒಂದೇ ಕತೆ. ರಸಸಾರ (pH) 5ರ ಆಸುಪಾಸು, ರಂಜಕ, ಪೊಟ್ಯಾಷ್ ಕಡಿಮೆ, ಬಸಿಗಾಲುವೆ ಹೂಳು ತುಂಬಿ ಕೂತಿದೆ. ಒಳ್ಳೆಯ ಮೇವಿನ ಹುಲ್ಲಿಗೆ ಅಲ್ಲಿ 6.3ರ ಹತ್ತಿರ ಬೇಕು ಅನ್ನುತ್ತಾರೆ. ಸುಣ್ಣ ಹಾಕಬೇಕು. ಸುಣ್ಣ ಜೊಂಡನ್ನು ಕೊಲ್ಲುವುದಿಲ್ಲ, ಹುಲ್ಲಿಗೆ ಜೋರು ಕೊಡುತ್ತದೆ, ಹುಲ್ಲು ಜೊಂಡಿನ ಜಾಗ ಹಿಡಿಯುತ್ತದೆ. ಕಾಲುವೆ ಬಿಡಿಸುವುದೂ ಅಷ್ಟೇ. ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮೊದಲು ಬಸಿಗಾಲುವೆಯ ಹೂಳು ತೆಗೆಯುತ್ತೀರಲ್ಲ, ಯಾರೂ ಹೇಳಿಕೊಡಬೇಕಿಲ್ಲ ನಿಮಗೆ. ಆದರೆ ಅಲ್ಲಿ ಕೆಲವು ಹೊಲ ಪೀಟ್ ಮಣ್ಣಿನವು, ಅಂದರೆ ಸಾವಿರಾರು ವರ್ಷದ ಕೊಳೆತ ಗಿಡಗಳ ಪದರ. ಅದನ್ನು ಬಸಿದರೆ ಇಂಗಾಲ ಗಾಳಿಗೆ ಹೋಗುತ್ತದೆ. ಅಂಥ ಕಡೆ ನಾನು ಕಾಲುವೆಯ ಮಾತೇ ಎತ್ತುವುದಿಲ್ಲ, ಔಷಧಿಯ ಮಾತೂ ಎತ್ತುವುದಿಲ್ಲ. ವರ್ಷಕ್ಕೊಂದೆರಡು ಸಲ, ಹಕ್ಕಿಗಳ ಗೂಡು ಮುಗಿದ ಮೇಲೆ, ಸವರಿದರೆ ಸಾಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮುಂದಿನ ಸಾಲಿನ ಯಜಮಾನರೊಬ್ಬರು ಕೇಳಿದರು: "ಈ ಒರೆಸೋ ಯಂತ್ರ ನಮ್ಮ ಬ್ಯಾಣಕ್ಕೆ ಆಗ್ತದಾ ಮಾರಾಯ್ರೆ?" ಬ್ಯಾಣ ಅಂದರೆ ಮಲೆನಾಡಿನ ದನ ಮೇಯುವ ಹುಲ್ಲುಗಾವಲು. ತತ್ವ ಆಗುತ್ತದೆ. ಲಂಟಾನ, ಕಮ್ಯುನಿಸ್ಟ್ ಗಿಡ ಎಲ್ಲ ಹುಲ್ಲಿಗಿಂತ ಎತ್ತರವೇ. ಆದರೆ ನಮ್ಮ ಬ್ಯಾಣದ ಕಲ್ಲು, ಏರು, ಮರದ ಬುಡಗಳ ನಡುವೆ ಕ್ವಾಡ್ ಬೈಕ್ ಓಡುವುದಿಲ್ಲ, ಕೈಯಲ್ಲಿ ಹಿಡಿಯುವಂಥದ್ದೇ ಆಗಬೇಕು. ಕಾನೂನಿನ ಮಾತೂ ಇದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಇರುವ ಕೀಟ ನಿಯಂತ್ರಕರಿಗೆ ಸೀಮಿತ ಮಾಡಿ ಅಧಿಸೂಚನೆ ಹೊರಡಿಸಿತು. ಈಗಿನ ಸ್ಥಿತಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. 2,4-ಡಿ ಬಳಸುವವರು ಡಬ್ಬಿಯ ಮೇಲೆ ಈಥೈಲ್ ಎಸ್ಟರ್ ಅಂತ ಇದೆಯೋ, ಸೋಡಿಯಂ ಸಾಲ್ಟ್ ಅಂತ ಇದೆಯೋ ನೋಡಿ. ಎಸ್ಟರ್ ಬಿಸಿಲಿಗೆ ಆವಿಯಾಗಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಹತ್ತಿ, ದ್ರಾಕ್ಷಿ, ಟೊಮ್ಯಾಟೊ ಅದರ ವಾಸನೆಗೇ ಮುದುಡುತ್ತವೆ.

ಹತ್ತಾರು ಹಸು ಕಟ್ಟಿರುವ ಹೆಣ್ಣುಮಗಳೊಬ್ಬರ ಪ್ರಶ್ನೆ: "ಔಷಧಿ ಹೊಡೆದ ಮೇಲೆ ದನ ಬಿಡೋದಕ್ಕೆ ಎಷ್ಟು ದಿನ ಕಾಯಬೇಕು ಸರ್?" ದಿನದ ಲೆಕ್ಕ ಲೇಬಲ್ಲಿನ ಮೇಲಿರುತ್ತದೆ. ಅಲ್ಲಿ ಎಂಸಿಪಿಎಗೆ ಸಾಮಾನ್ಯವಾಗಿ ಎರಡು ವಾರ. ಆದರೆ ಹೊಲದಲ್ಲಿ ರಾಗ್‌ವರ್ಟ್ ಇದ್ದರೆ ಎರಡು ವಾರ ಸಾಲದು. ಹಳದಿ ಹೂವಿನ ಗಿಡ ಅದು, ದನಕ್ಕೂ ಕುದುರೆಗೂ ಲಿವರ್ ಹಾಳುಮಾಡುವ ವಿಷ. ಹಸಿಯಾಗಿದ್ದಾಗ ಕಹಿ, ದನ ಮುಟ್ಟುವುದಿಲ್ಲ. ಔಷಧಿ ತಾಗಿ ಬಾಡತೊಡಗಿದ ಮೇಲೆ ಬಾಯಿಗೆ ರುಚಿಯಾಗುತ್ತದೆ, ವಿಷ ಮಾತ್ರ ಹಾಗೇ ಇರುತ್ತದೆ. ಅದು ಪೂರ್ತಿ ಒಣಗಿ ಕೊಳೆತು ಮಾಯವಾಗುವ ತನಕ ಗೇಟು ತೆಗೆಯಬಾರದು. ನಿಮ್ಮ ಹುಲ್ಲಿನಲ್ಲೂ ದನ ಹಸಿಯಾಗಿ ಬಿಟ್ಟುಹೋಗುವ ಗಿಡ ಯಾವುದಿದೆ ಅಂತ ಔಷಧಿ ಹೊಡೆಯುವ ಮೊದಲೇ ಒಂದು ಸುತ್ತು ನಡೆದು ನೋಡಿಕೊಳ್ಳಿ.